ನಾಲ್ಕು ಕಟ್ಟು, ಹನ್ನೆರಡು ಗಳ

ಮಂಗಳವಾರ ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಧಾರವಾಡ ಬಿಟ್ಟೆ. ಹಳಿಯಾಳಕ್ಕೆ ಒಂದು ರೂಪಾಯಿ ಹತ್ತು ಪೈಸೆ. ನನ್ನ ತಗಡಿನ ಪೆಟ್ಟಿಗೆಗೆ ಕಂಡಕ್ಟರು ಬೇರೆ ನಾಲ್ಕಾಣೆ ಕೇಳಿದ, ನಾನು ಕೊಡಲಿಲ್ಲ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡೇ ಕುಳಿತೆ. ಅದರಲ್ಲಿ ಇದ್ದದ್ದು ಬಣ್ಣದ ಮರದ ತುಂಡುಗಳು, ಚಿತ್ರದ ಕಾರ್ಡುಗಳು, ಒಂದು ಸೇರು ಹುಣಸೆ ಬೀಜ. ಫೆಬ್ರುವರಿಯ ಚಳಿ ಇನ್ನೂ ಪೂರ್ತಿ ಹೋಗಿರಲಿಲ್ಲ.

ಶಿಕ್ಷಕರ ಟ್ರೇನಿಂಗ್ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುವ ನನ್ನನ್ನು ಹಳಿಯಾಳ, ದಾಂಡೇಲಿ, ಸೂಪಾ, ಮುಂಡಗೋಡಗಳ ಶಾಲೆ ನೋಡಿಬರಲು ಮೊದಲ ಸಲ ಕಳಿಸಿದ್ದರು. ಒಂದೇ ತರಗತಿಯಲ್ಲಿ ಮೂರು ವರ್ಷ ನಪಾಸಾದ ಮಕ್ಕಳನ್ನು ಪರೀಕ್ಷಿಸಿ, ಫಾರಂನಲ್ಲಿ ‘ಮಂದಬುದ್ಧಿ’ ಎಂದೋ ‘ಅಲ್ಲ’ ಎಂದೋ ಬರೆದು ಸಹಿ ಹಾಕುವುದು ನನ್ನ ಕೆಲಸ. ‘ಮಂದ’ ಎಂದರೆ ಆ ಮಗುವಿನ ಹೆಸರನ್ನು ಹಾಜರಿ ಪುಸ್ತಕದಿಂದ ತೆಗೆದುಹಾಕುತ್ತಾರೆ. ಇಷ್ಟು ದೊಡ್ಡ ಅಧಿಕಾರ ಕೈಗೆ ಬಂದದ್ದಕ್ಕೆ ನನಗೆ ಒಳಗೊಳಗೇ ಹೆಮ್ಮೆ ಇತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಹಳಿಯಾಳದಲ್ಲಿ ಆ ಹೆಮ್ಮೆಯ ಗಾಳಿ ಸ್ವಲ್ಪ ಇಳಿಯಿತು. ಶಾಲೆಯ ಕಟ್ಟೆಯ ಮೇಲೆ ಕುಳಿತಿದ್ದ ಮುದುಕಿಯೊಬ್ಬಳು ಪಕ್ಕದವಳಿಗೆ ನನಗೆ ಕೇಳುವಂತೆಯೇ ಹೇಳಿದಳು: “ಧಾರವಾಡದಿಂದ ಬಂದಾರಂತ. ಹುಚ್ಚರ ಡಾಕ್ಟರ್ ಬಾಯಿ.” ನಮ್ಮ ಕಡೆ ಯಾರಾದರೂ ಅಡ್ಡಾದಿಡ್ಡಿ ಮಾತಾಡಿದರೆ “ಧಾರವಾಡಕ್ಕ ಕಳಸ್ರಿ” ಎನ್ನುವುದು ವಾಡಿಕೆ, ಅಲ್ಲಿ ಹುಚ್ಚಾಸ್ಪತ್ರೆ ಇದೆಯಲ್ಲ. ಮನಶ್ಶಾಸ್ತ್ರ ಬೇರೆ ಎಂದು ಮುದುಕಿಗೆ ವಿವರಿಸಲು ಹೋದೆ. “ಇರ್ಲಿ ಬಿಡ್ರಿ, ಯಾವ ಕೆಲಸಾನೂ ಕೀಳಲ್ಲ” ಎಂದು ಆಕೆಯೇ ನನ್ನನ್ನು ಸಮಾಧಾನ ಮಾಡಿದಳು. ಮಧ್ಯಾಹ್ನ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಚೆನ್ನಾಗಿತ್ತು. ಅಲ್ಲಿ ತೋರಿಸಿದ ಇಬ್ಬರು ಹುಡುಗರಿಗೆ ಬೇಕಾಗಿದ್ದದ್ದು ಕನ್ನಡಕ.

ಬುಧವಾರ ದಾಂಡೇಲಿ ತಲುಪಿದೆ. ಊರು ಕಾಣುವ ಮೊದಲೇ ಕಾಗದದ ಮಿಲ್ಲಿನ ವಾಸನೆ ಮೂಗಿಗೆ ಬಂತು. ಶಾಲೆಯಲ್ಲಿ ಹತ್ತು ಗಂಟೆಗೆ ಮಿಲ್ಲಿನ ಭೋಂಗಾ ಕೂಗಿದಾಗ ನಾನು ಬೆಚ್ಚಿಬಿದ್ದೆ, ಮಕ್ಕಳು ತಲೆ ಎತ್ತಿಯೂ ನೋಡಲಿಲ್ಲ. ಮಿಲ್ಲಿಗೆ ಬಂದ ಬಿದಿರು ಪೇರಿಸುವ ಅಂಗಳಕ್ಕೆ ಹತ್ತಿರದ ಶಾಲೆ ಅದು. ಹೆಡ್ ಮಾಸ್ತರರಾದ ಹಿರೇಮಠರು ಬಿಳಿ ಮೀಸೆಯ, ಶಿಸ್ತಿನ ಮನುಷ್ಯ. ಅವರು ಒಂಬತ್ತು ವರ್ಷದ ಹುಡುಗಿಯೊಬ್ಬಳನ್ನು ತಂದು ನಿಲ್ಲಿಸಿದರು.

“ನೀಲವ್ವ ಅಂತ್ರಿ, ಅಕ್ಕಾವ್ರ. ಮೂರು ವರ್ಷ ಆತು, ಒಂದನೇ ಇಯತ್ತೆ ದಾಟವಲ್ಲಳು. ಸಾಲ್ಯಾಗ ಬಾಯಿ ಬಿಡೂದಿಲ್ಲ. ಲೆಕ್ಕ ಕೊಟ್ರ ಕೈಗೆ ಬಂದದ್ದು ಬರೀತಾಳ. ಹೊರಗ ಹದಿನೈದು ಹುಡುಗರು ಜಾಗಾ ಇಲ್ಲಂತ ಕಾದಾರ, ನಾ ಏನ ಮಾಡ್ಲಿ?”

ನಾನು ನೆಲದ ಮೇಲೆ ಹುಣಸೆ ಬೀಜ ಸುರಿದೆ. ಅರವತ್ತೈದು ಬೀಜ ಇಟ್ಟರೆ ಹುಡುಗಿ ತುಟಿ ಅಲುಗಾಡಿಸುತ್ತ ಸರಸರ ಎಣಿಸಿ ಪಾಟಿಯ ಮೇಲೆ 35 ಎಂದು ಬರೆದಳು. ನಲವತ್ತನಾಲ್ಕಕ್ಕೆ 24. ತೊಂಬತ್ತೆರಡು ಇಟ್ಟಾಗ 412 ಎಂದು ಬರೆದು ನನ್ನ ಮುಖ ನೋಡಿದಳು. ಕಿಟಕಿಯಲ್ಲಿ ಇಣುಕುತ್ತಿದ್ದ ಹುಡುಗರು ಗೊಳ್ಳೆಂದು ನಕ್ಕರು, ಹುಡುಗಿ ತಲೆ ತಗ್ಗಿಸಿದಳು. ನಾನು ಫಾರಂ ತೆಗೆದು ಪೆನ್ಸಿಲಿನಲ್ಲಿ ‘ಮಂದ’ ಎಂದು ಬರೆದೆ. ಎರಡು ವರ್ಷ ಪುಣೆಯಲ್ಲಿ ಕಲಿತು ಬಂದ ವಿದ್ಯೆ ಅಷ್ಟು ಬೇಗ ತೀರ್ಪು ಕೊಟ್ಟಿತ್ತು.

ಸಹಿ ಹಾಕುವ ಮೊದಲು ಅವಳ ತಾಯಿ ಗಂಗವ್ವ ಬಂದಳು. ಬಿದಿರಿನ ಅಂಗಳದಲ್ಲಿ ಕೆಲಸದಲ್ಲಿದ್ದವಳು ಸುದ್ದಿ ಕೇಳಿ ಹಾಗೇ ಓಡಿಬಂದಿದ್ದಳು, ಸೆರಗಿನ ತುಂಬ ಬಿದಿರಿನ ಸಿಬಿರು.

“ಧಾರವಾಡಕ್ಕ ಒಯ್ಯಬ್ಯಾಡ್ರಿ ಅಕ್ಕಾವ್ರ. ಆಕಿಗೆ ಹುಚ್ಚಿಲ್ರಿ. ಮನ್ಯಾಗ ಚೊಲೊ ಮಾತಾಡ್ತಾಳ್ರಿ.”

“ಒಯ್ಯೂದಿಲ್ಲವ್ವ. ಸಾಲಿ ಬಿಡಸಬೇಕಾಗ್ತದೇನೋ, ಅಷ್ಟ.”

“ಹಂಗಂದ್ರ ನನ್ನಂಗ ಬಿದಿರಿನ ಗಳ ಹೊರೂದ ಆಕಿ ಪಾಲಿಗೆ ಬಂತಲ್ರಿ” ಎಂದಳು. ಗಾಯ, ಜಡ್ಡು ತುಂಬಿದ ಅಂಗೈ ತಿರುಗಿಸಿ ತೋರಿಸಿದಳು. ಅದನ್ನು ನೋಡಿದ ಮೇಲೆ ನನಗೆ ಪೆನ್ನು ಎತ್ತಲು ಆಗಲಿಲ್ಲ.

ಸೂಪಾದಿಂದ ಬಂದು ಸಹಿ ಹಾಕುತ್ತೇನೆಂದು ಮಾಸ್ತರರಿಗೆ ಹೇಳಿದೆ. “ಶನಿವಾರ ಸಾಲಿ ಬಿಡೂ ಹೊತ್ತಿಗೆ ಟಪಾಲು ಹೋಗ್ತೈತ್ರಿ. ನೀವು ಬರದಿದ್ರ ಪೆನ್ಸಿಲಿನ ಬರಹಾನ ಹೋಗ್ತದ” ಎಂದರು. ಶನಿವಾರ ಬೆಳಗಿನ ಶಾಲೆ, ಹನ್ನೊಂದಕ್ಕೆ ಮುಗಿಯುತ್ತದೆ.

ಗುರುವಾರ, ಶುಕ್ರವಾರ ಸೂಪಾದಲ್ಲಿ ಕಳೆದೆ. ದಾಂಡೇಲಿಯಿಂದ ಹದಿನೈದು ಮೈಲಿಯ ಮೇಲೆ, ಉದ್ದಕ್ಕೂ ಕಾಡು. ಊಟಕ್ಕೆ ಕುಚಲಕ್ಕಿ ಅನ್ನ, ಕಾಳಿ ನದಿಯ ಮೀನು. ನಾನು ಮೀನು ಬಿಟ್ಟು ಮಜ್ಜಿಗೆ ಸುರಿದುಕೊಂಡೆ. ಮಕ್ಕಳ ಮಾತು ಕೊಂಕಣಿ, ಮಾಸ್ತರರು ಕನ್ನಡಕ್ಕೆ ತಿರುಗಿಸುತ್ತಿದ್ದರು. “ದಾರಿ ತಪ್ಪಿದರೆ ಏನು ಮಾಡುತ್ತೀ?” ಎಂಬುದು ನನ್ನ ಪುಸ್ತಕದ ಒಂದು ಪ್ರಶ್ನೆ. ಪೊಲೀಸನನ್ನು ಕೇಳುತ್ತೇನೆ ಎಂಬುದು ಸರಿಯುತ್ತರ. ಜೋಯಿಡಾ ಕಡೆಯ ಪುಟ್ಟ ಹುಡುಗಿಯೊಬ್ಬಳು, ದನಗಳು ಮನೆಗೆ ಹೊರಡುವ ತನಕ ಕೂತಿದ್ದು ಅವುಗಳ ಹಿಂದೆ ಹೋಗುತ್ತೇನೆ ಎಂದಳು. ಆ ಕಾಡಿನಲ್ಲಿ ಪೊಲೀಸನನ್ನು ಎಲ್ಲಿಂದ ತರುವುದು? ಅವಳಿಗೆ ಪೂರ್ತಿ ಅಂಕ ಕೊಟ್ಟೆ. ಕೊಡುವಾಗ ನೀಲವ್ವನ ಪಾಟಿ ನೆನಪಾಗಿ ಮನಸ್ಸು ಕೆಟ್ಟಿತು. ನಾನು ಅವಳ ಉತ್ತರ ತಪ್ಪೆಂದು ಬರೆದಿದ್ದೆ, ಆ ಉತ್ತರ ಎಲ್ಲಿಂದ ಬಂತು ಎಂದು ಕೇಳಿರಲಿಲ್ಲ.

ಶನಿವಾರ ನಸುಕಿಗೆ ಹೊರಟ ಬಸ್ಸು ನಾಲ್ಕು ಮೈಲಿ ಹೋಗಿ ಕೆಟ್ಟು ನಿಂತಿತು. ಏಳು ಗಂಟೆ ಆಯಿತು, ಎಂಟಾಯಿತು. ನನ್ನ ಸಿಟ್ಟು ಡ್ರೈವರನಿಂದ ಶುರುವಾಗಿ ಇಡೀ ಸಾರಿಗೆ ವ್ಯವಸ್ಥೆಯವರೆಗೆ ಬೆಳೆದಿತ್ತು. ಅಷ್ಟರಲ್ಲಿ ದಾಂಡೇಲಿಗೆ ಹೊರಟ ಬಿದಿರಿನ ಲಾರಿ ಬಂತು, ಕೈ ಅಡ್ಡ ಮಾಡಿ ಪೆಟ್ಟಿಗೆ ಸಮೇತ ಹತ್ತಿದೆ. ಲಾರಿಯವನು ಅರ್ಧ ದಾರಿಯಲ್ಲಿ ಇನ್ನಷ್ಟು ಗಳ ತುಂಬಿಕೊಳ್ಳಬೇಕೆಂದು ಕಾಡಿನ ಒಂದು ಕ್ಯಾಂಪಿನಲ್ಲಿ ನಿಲ್ಲಿಸಿದ. ನಾನು ಗಡಿಯಾರ ನೋಡಿ ಹಲ್ಲು ಕಡಿದೆ.

ಕ್ಯಾಂಪಿನ ಕೂಲಿಯಾಳುಗಳ ಮುಕಾದಮ ಇಸ್ಮಾಯಿಲ್ ಸಾಬರು ನನಗೊಂದು ಬಿದಿರಿನ ಪೀಠ ಕೊಟ್ಟು ಚಹಾ ತರಿಸಿದರು. ಅವರ ಹಿಂದೆ ಮರಕ್ಕೆ ಒಂದು ಹಲಗೆ ತೂಗುಹಾಕಿತ್ತು. ಅದರ ಮೇಲೆ ಇದ್ದಿಲಿನಲ್ಲಿ ಬರೆದಿತ್ತು: 35. ಅದರ ಕೆಳಗೆ 24. ಕೆಳಗೆ 312.

ಚಹಾ ನೆತ್ತಿಗೇರಿತು.

“ಸಾಹೇಬ್ರ, ಇದು ಎಷ್ಟ್ರಿ?” ಎಂದು ಮೊದಲ ಸಾಲು ತೋರಿಸಿದೆ.

“ಅರವತ್ತೈದು ಗಳ ರೀ ಬಾಯಿ.”

“ಮೂವತ್ತೈದು ಅಂತ ಬರದೈತಲ್ರಿ?”

ಅವರು ನನ್ನನ್ನು ಕನಿಕರದಿಂದ ನೋಡಿದರು. “ಇಪ್ಪತ್ತು ಗಳಕ್ಕ ಒಂದು ಕಟ್ಟು. ಮೂರು ಕಟ್ಟು, ಮ್ಯಾಲೆ ಬಿಡಿ ಗಳ ಐದು. ನಮ್ಮ ಬಿದರಿನ ಮಂದಿ ಎಲ್ಲಾ ಹಿಂಗ ಬರಿಯೂದು. ಇಲ್ಲಿ ಹುಟ್ಟಿದ ಕೂಸಿಗೂ ಗೊತ್ತೈತಿ.”

ನಾಲ್ಕು ಕಟ್ಟು ಎಂದರೆ ಎಂಬತ್ತು, ಮೇಲೆ ಹನ್ನೆರಡು ಗಳ, ಒಟ್ಟು ತೊಂಬತ್ತೆರಡು. 412! ಹುಡುಗಿ ಒಂದೂ ತಪ್ಪು ಬರೆದಿರಲಿಲ್ಲ. ನಾನು ಪೀಠದಿಂದ ಎದ್ದವಳು ಲಾರಿಯವನಿಗೆ ಹೇಳಿದೆ: “ತುಂಬಿದಷ್ಟು ಸಾಕಪ್ಪ, ಹೋಗೂಣು ನಡಿ!” ಅವನಿಗೆ ಏನನ್ನಿಸಿತೋ, ಧಾರವಾಡದವಳು ಎಂದು ಗೊತ್ತಿತ್ತು, ಎದುರಾಡದೆ ಹೊರಟ.

ಶಾಲೆಯ ಮುಂದೆ ಇಳಿದಾಗ ಹನ್ನೊಂದಕ್ಕೆ ಹತ್ತು ನಿಮಿಷ. ಹಿರೇಮಠರು ಲಕೋಟೆಗೆ ಅಂಟು ಹಚ್ಚುತ್ತಿದ್ದರು. “ತಡೀರಿ!” ಎಂದು ಕೂಗಿದ ನನ್ನ ಧ್ವನಿಗೆ ಮೂರನೇ ತರಗತಿಯವರೂ ಹೊರಗೆ ಬಂದರು. ನೀಲವ್ವನನ್ನು ಕರೆಸಿ, ಬೋರ್ಡಿನ ಮೇಲೆ 4 ಬರೆದು, ಸ್ವಲ್ಪ ಜಾಗ ಬಿಟ್ಟು 12 ಬರೆದೆ.

“ಇದು ಎಷ್ಟು ಗಳ ನೀಲವ್ವ?”

ಹುಡುಗಿ ಮಾಸ್ತರರನ್ನು ನೋಡಿದಳು, ನನ್ನನ್ನು ನೋಡಿದಳು. “ನಾಕು ಕಟ್ಟು, ಹನ್ನೆರಡು ಗಳ ರೀ. ತೊಂಬತ್ತೆರಡು.”

ಶಾಲೆಯಲ್ಲಿ ಆ ಧ್ವನಿ ಯಾರೂ ಕೇಳಿರಲಿಲ್ಲ. ಹಿರೇಮಠರು ಲಕೋಟೆ ಕೆಳಗಿಟ್ಟರು. ನಾನು ಬಿದಿರಿನ ಹಲಗೆಯ ಸಂಗತಿ ಹೇಳಿದೆ. ಅವರು ನಂಬದೆ ಕೇಳಿದರು: “ಏಳು ಕಟ್ಟು, ಹದಿನೆಂಟು ಗಳ?”

“ನೂರಾ ಐವತ್ತೆಂಟು ರೀ.”

ಮಾಸ್ತರರು ಲಕೋಟೆಯ ಬೆನ್ನಿನ ಮೇಲೆ ಲೆಕ್ಕ ಮಾಡಿ ನೋಡಿದರು. ಅವರಿಗೆ ಅವಳಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಸರಿಯಾಗಿತ್ತು.

ನಾನು ಹುಡುಗಿಯ ಮುಂದೆ ಕುಳಿತೆ. “ಸಾಲ್ಯಾಗ ಹತ್ತಕ್ಕ ಒಂದು ಕಟ್ಟು ನೀಲವ್ವ.”

“ಸಾಲಿ ಕಟ್ಟು ಅಷ್ಟ ಸಣ್ಣವೇನ್ರಿ?”

“ಹೌದವಾ.”

“ಮೊದಲ ಯಾಕ ಹೇಳಲಿಲ್ರಿ?”

ನಾನು ಸೀಮೆಸುಣ್ಣವನ್ನು ಅವಳ ಮುಂದೆ ಹಿಡಿದೆ. ಅವಳು ಅದನ್ನು ತೆಗೆದುಕೊಂಡು, ನನ್ನ 4 ಮತ್ತು 12ನ್ನು ಅಂಗೈಯಿಂದ ಒರೆಸಿ, ದೊಡ್ಡದಾಗಿ 92 ಎಂದು ಬರೆದಳು. ಕಿಟಕಿಯ ಹುಡುಗರು ಈ ಸಲ ನಗಲಿಲ್ಲ. ನನ್ನ ಕಣ್ಣು ತುಂಬಿ ಬಂತು, ಕುಣಿಯಬೇಕೆನಿಸುವಷ್ಟು ಸಂತೋಷವೂ ಆಯಿತು.

“ಮೂರು ವರ್ಷ ಕೆಂಪು ಗೀಟು ಹೊಡದೇನ್ರಿ ಅಕ್ಕಾವ್ರ” ಎಂದರು ಹಿರೇಮಠರು, ಕನ್ನಡಕ ಒರೆಸುತ್ತ. ನಾನು ಪೆನ್ಸಿಲಿನ ‘ಮಂದ’ವನ್ನು ರಬ್ಬರಿನಿಂದ ಅಳಿಸಿ, ಶಾಯಿಯಲ್ಲಿ ‘ಅಲ್ಲ’ ಎಂದು ಬರೆದು ಸಹಿ ಹಾಕಿದೆ. ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ನನ್ನಂಥವರನ್ನು ಮಗು ಮೂರು ಸಲ ನಪಾಸಾದ ಮೇಲೆ ಕರೆಯಬೇಡಿ, ಶಾಲೆಗೆ ಸೇರಿದ ಮೊದಲ ತಿಂಗಳಲ್ಲೇ ಕರೆಯಿರಿ. ನೀಲವ್ವನಿಗೆ ಬೇಕಾಗಿದ್ದದ್ದು ಐದು ನಿಮಿಷ, ಅದು ಸಿಗಲು ಮೂರು ವರ್ಷ ಹಿಡಿದಿತ್ತು. ಹಿರೇಮಠರು ಸೋಮವಾರದಿಂದ ಅವಳನ್ನು ಎರಡನೇ ತರಗತಿಯಲ್ಲಿ ಕೂಡಿಸಿ, ಓದನ್ನು ತಾವೇ ಶಾಲೆ ಬಿಟ್ಟ ಮೇಲೆ ಹೇಳಿಕೊಡುವುದಾಗಿ ಮಾತು ಕೊಟ್ಟರು.

ಮುಂಡಗೋಡದ ಬಸ್ಸು ಅಷ್ಟರಲ್ಲಿ ತಪ್ಪಿಹೋಗಿತ್ತು. ಅಲ್ಲಿಯವರಿಗೆ ಕ್ಷಮೆ ಕೇಳಿ ಕಾರ್ಡು ಹಾಕಿ, ಮೂರು ಗಂಟೆಯ ಧಾರವಾಡದ ಬಸ್ಸು ಹಿಡಿದೆ. ಗಂಗವ್ವ ಮಗಳ ಕೈ ಹಿಡಿದುಕೊಂಡು ಬಂದಳು. ಬಟ್ಟೆಯಲ್ಲಿ ಕಟ್ಟಿದ ಎರಡು ರೊಟ್ಟಿ, ಶೇಂಗಾ ಚಟ್ನಿಯನ್ನು ಕಿಟಕಿಯಿಂದ ಒಳಗಿಟ್ಟು, ಕೇಳಲೋ ಬೇಡವೋ ಎಂದು ನಿಂತು, ಕೊನೆಗೆ ಕೇಳಿದಳು:

“ಅಕ್ಕಾವ್ರ, ದೊಡ್ಡ ಸಾಲಿ ಕಲಿಯೂದಾದ್ರ ಧಾರವಾಡಕ್ಕ ಕಳಸಬೇಕಂತಲ್ರಿ. ಎಷ್ಟು ದೂರ ಆಕ್ಕೈತ್ರಿ?”

“ಮೂವತ್ತೈದು ಮೈಲಿ ಗಂಗವ್ವ. ಕಳಸು. ನಮ್ಮ ಮನ್ಯಾಗ ಇರ್ತಾಳ.”

ಬಸ್ಸು ಗುರುಗುಟ್ಟಿತು. ನೀಲವ್ವ ನನ್ನ ಕಿಟಕಿಯ ಕೆಳಗೆ, ಬಸ್ಸಿನ ಧೂಳು ಹಿಡಿದ ತಗಡಿನ ಮೇಲೆ ಬೆರಳಿನಿಂದ ಏನೋ ಬರೆದು ದೂರ ಸರಿದಳು. ತಿರುವು ಬರುವ ತನಕ ತಾಯಿ, ಮಗಳು ಇಬ್ಬರೂ ಅಲ್ಲೇ ನಿಂತಿದ್ದರು.

ಧಾರವಾಡದಲ್ಲಿ ಇಳಿದು, ಪೆಟ್ಟಿಗೆ ಕೆಳಗಿಟ್ಟು ನೋಡಿದೆ. ದಾರಿಯ ಹೊಸ ಧೂಳಿನ ಅಡಿಯಲ್ಲಿ 35 ಎಂದು ಕಾಣುತ್ತಿತ್ತು, ನಾನು ಹೇಳಿದ ಮೈಲಿ, ಶಾಲೆಯ ಹತ್ತರ ಕಟ್ಟಿನಲ್ಲಿ. ಬುಧವಾರ ನಾನು ತಪ್ಪೆಂದದ್ದೂ ಅದೇ ಅಂಕಿ, ಅದೇ ಕೈಬರಹ. ಬಸ್ಸು ತೊಳೆಯಲು ಬಾಲ್ದಿ ಹಿಡಿದು ಬಂದವನಿಗೆ ಹೇಳಿದೆ:

“ಅದೊಂದು ಬಿಟ್ಟು ತೊಳಿಯಪ್ಪ. ಲೆಕ್ಕ ಸರಿ ಐತಿ.”