ಮೆಹನಾಜ್ ಅಳಿಸಿದ ಕಲೆಗಳು

ಬೆಳಗಿನ ಆರು ಗಂಟೆ. ಪಾಂಡವಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡ ಬೈಕುಗಳ ಓಡಾಟ. ಲೇಖನಕ್ಕೆಂದು ನಾನು ಬರುವಷ್ಟರಲ್ಲಿ ಮೆಹನಾಜ್ ಆಗಲೇ ತಮ್ಮ ಪುಟ್ಟ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಪರದೆಯ ಮೇಲೆ ಪೇಟ ಕಟ್ಟಿದ ಹಿರಿಯರೊಬ್ಬರ ಹಳೆಯ ಫೋಟೋ. ಮುಖ ಇನ್ನೂ ಕಪ್ಪು ಬಿಳುಪು; ಪೇಟದ ಅಂಚಿಗಷ್ಟೇ ಕೆಂಪು ಬಂದಿದೆ. ಕಬ್ಬಿನ ಟ್ರಾಕ್ಟರು ಹಾದುಹೋದರೆ ಮೇಜು ಸಣ್ಣಗೆ ನಡುಗುತ್ತದೆ. ಅವರು ಮೌಸಿನಿಂದ ಕೈ ತೆಗೆದು, ಸದ್ದು ದೂರವಾಗುವವರೆಗೆ ಕಾಯುತ್ತಾರೆ.

"ಮುಖದ ಕೆಲ್ಸ ಎಲ್ಲಾ ಬೆಳಿಗ್ಗೇನೇ ಸಾರ್. ಆಮ್ಯಾಕೆ ಜೆರಾಕ್ಸು, ಪಾಸ್‌ಪೋರ್ಟ್ ಫೋಟೋ ಅಂತ ಜನ ಬತ್ತಾನೇ ಇರ್ತಾರೆ. ಆಗ ಸೀರೆ, ಕುರ್ಚಿ, ಗೋಡೆಗೆ ಬಣ್ಣ ಹಾಕ್ಬೋದು. ಮುಖಕ್ಕೆ ಆಗಾಕಿಲ್ಲ."

ಮೆಹನಾಜ್ ಅವರಿಗೀಗ ನಲವತ್ತೆಂಟು. ಅವರ ತಂದೆ ಇಮಾಮ್ ಶ್ರೀರಂಗಪಟ್ಟಣದ ಒಂದು ಸ್ಟುಡಿಯೋದಲ್ಲಿ ಕುಂಚ, ಹತ್ತಿ ಹಿಡಿದು ಕಪ್ಪು ಬಿಳುಪು ಫೋಟೋಗಳಿಗೆ ಕೈಯಲ್ಲೇ ಬಣ್ಣ ಹಚ್ಚುತ್ತಿದ್ದವರು. "ಅಬ್ಬಾ ಕೆಲ್ಸ ಶುರು ಮಾಡೋಕೆ ಮುಂಚೆ ಎಲ್ಲಾ ಕೇಳೋರು. ನಿಮ್ಮವ್ವಾರ ಮೈಬಣ್ಣ ಎಂಗಿತ್ತು, ಬಳೆ ಯಾವ್ದು, ಕಣ್ಣು ಕಪ್ಪೋ ಬೆಕ್ಕಿನ ಕಣ್ಣೋ ಅಂತ. ನಂಗೆ ಅಷ್ಟು ತಾಳ್ಮೆ ಎಲ್ಲಿತ್ತು?"

ಆಟೋ ಓಡಿಸುತ್ತಿದ್ದ ಗಂಡ ತೀರಿಕೊಂಡಾಗ ಮೆಹನಾಜ್ ಅವರಿಗೆ ಇಪ್ಪತ್ತಾರು, ಮಡಿಲಲ್ಲಿ ಇಬ್ಬರು ಹೆಣ್ಣುಮಕ್ಕಳು. ಊರಿನ ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಸೇರಿ, ಫೋಟೋ ತಿದ್ದುವ ಸಾಫ್ಟ್‌ವೇರ್ ಕಲಿತರು. ಪಿತೃಪಕ್ಷ ಹತ್ತಿರ ಬಂತೆಂದರೆ ನಾಗಮಂಗಲ, ಕೆ.ಆರ್. ಪೇಟೆ ಕಡೆಯಿಂದಲೂ ಜನ ತಮ್ಮ ಹಿರಿಯರ ಫೋಟೋ ಹಿಡಿದು ಬರುತ್ತಿದ್ದರು. ದಿನಕ್ಕೆ ಐದಾರು ಮುಖ. ಈಗ ಮೊಬೈಲೇ ಕ್ಷಣದಲ್ಲಿ ಬಣ್ಣ ತುಂಬಿಬಿಡುವುದರಿಂದ ವಾರಕ್ಕೆ ಮೂರೋ ನಾಲ್ಕೋ.

ಟೀ ತರಿಸಿದ ಮೇಲೆ ಅವರು ತಾವಾಗಿಯೇ ಒಂದು ವಿಷಯ ಎತ್ತುತ್ತಾರೆ. "ಬರೆಯೋದಾದ್ರೆ ಇದ್ನೂ ಬರೀರಿ ಸಾರ್. ಬರೀ ಒಳ್ಳೇದೇ ಬರೀಬೇಡಿ."

ಮೂರು ವರ್ಷದ ಹಿಂದಿನ ಮಾತು. ಕೆ.ಆರ್. ಪೇಟೆ ಕಡೆಯ ಲೋಕೇಶ್ ಎಂಬುವರು ಹೊಸ ಮನೆಯ ಗೃಹಪ್ರವೇಶಕ್ಕೆಂದು ಒಂದು ಫೋಟೋ ತಂದರು. ಅವರ ಅಜ್ಜಿ ಚಿಕ್ಕಬೋರಮ್ಮನ ತಾಯಿಯದು. ಆ ತಾಯಿ ಬದುಕಿನಲ್ಲಿ ಒಂದೇ ಸಲ, ಕೆ.ಆರ್.ಎಸ್. ನೋಡಲು ಗಾಡಿ ಕಟ್ಟಿಕೊಂಡು ಹೋದಾಗ ತೆಗೆಸಿಕೊಂಡಿದ್ದ ಫೋಟೋ. ಬೂಷ್ಟು ಹಿಡಿದಿತ್ತು, ಅಂಚನ್ನು ಗೆದ್ದಲು ತಿಂದಿತ್ತು. "ಮುಖ ಕ್ಲೀನ್ ಮಾಡ್ಬುಡಿ ಅಕ್ಕಾ, ವಸಿ ಬೆಳ್ಳಗೆ ಬರ್ಲಿ" ಅಂದರು ಲೋಕೇಶ್. ಎಲ್ಲರೂ ಕೇಳುವುದು ಅದನ್ನೇ. ಮೆಹನಾಜ್ ಹಾಗೇ ಮಾಡಿಕೊಟ್ಟರು. ಡಿಸ್ಕ್ ತುಂಬಿತ್ತೆಂದು ಕಂಪ್ಯೂಟರಿನಲ್ಲಿದ್ದ ಹಳೆಯ ಸ್ಕ್ಯಾನ್ ಪ್ರತಿಯ ಮೇಲೇ ಹೊಸದನ್ನು ಉಳಿಸಿದರು. ಹೊಸದು ಗೋಡೆಗೆ ಬಂದ ಮೇಲೆ ಲೋಕೇಶ್ ಮನೆಯವರು ಹಳೆಯದನ್ನು ಕಸದ ಜೊತೆ ಸುಟ್ಟರು.

ತಿಂಗಳಾದ ಮೇಲೆ ಚಿಕ್ಕಬೋರಮ್ಮ ಒಬ್ಬರೇ ಬಸ್ಸು ಹತ್ತಿ ಬಂದರು. ಎಂಬತ್ತರ ಹತ್ತಿರದ ಹೆಂಗಸು. ಟವಲಿನಲ್ಲಿ ಸುತ್ತಿ ತಂದಿದ್ದ ಫ್ರೇಮನ್ನು ಮೇಜಿನ ಮೇಲಿಟ್ಟರು.

"ಇವ್ಳು ಯಾರು ಮಗಾ?"

"ನಿಮ್ಮವ್ವ ಅಲ್ವಾ ಅಜ್ಜಿ? ನಿಮ್ ಮೊಮ್ಮಗ್ನೇ ತಂದ್ಕೊಟ್ಟಿದ್ದು."

"ನಮ್ಮವ್ವನ ಸೀರೆ ಅದೆ, ಕುಂಕುಮ ಅದೆ. ನಮ್ಮವ್ವ ಇಲ್ಲ. ಮಖದ್ ತುಂಬಾ ಸಿಡ್ಬಿನ ಕಲೆ ಇದ್ವು. ಎಲ್ಲೋದ್ವು?"

ಮೆಹನಾಜ್ ಬೂಷ್ಟೆಂದುಕೊಂಡು ಒಂದೊಂದಾಗಿ ಒರೆಸಿ ತೆಗೆದಿದ್ದು ಆ ಕಲೆಗಳನ್ನೇ.

"ನಾನು ಒಂಬತ್ತು ವರ್ಸದವ್ಳಿದ್ದಾಗ ಅವ್ವ ತೀರೋದ್ಲು," ಅಂದರು ಚಿಕ್ಕಬೋರಮ್ಮ. "ಆ ಗುಳಿ ಸವರ್ಕಂಡೇ ನಿದ್ದೆ ಮಾಡ್ತಿದ್ದೆ. ನಂಗೆ ಅವ್ವ ಅಂದ್ರೆ ಅದೇ ಕಣವ್ವ."

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು ಅನ್ನುತ್ತಾರೆ ಮೆಹನಾಜ್.

ಅಂಗಡಿಗೆ ಅರ್ಧ ಷಟರ್ ಎಳೆದು ಅಂದಿನಿಂದ ಮೂರು ದಿನ ಬೆಳಗಿನ ಹೊತ್ತು ಇಬ್ಬರೂ ಪರದೆಯ ಮುಂದೆ ಕೂತರು. ಚಿಕ್ಕಬೋರಮ್ಮ ತಮ್ಮ ಮುಂಗೈಯನ್ನು ಪರದೆಗೆ ಆನಿಸಿ, "ಇದ್ಕಿಂತ ಒಂಚೂರು ಕಪ್ಪು" ಅಂದರು. ಮೈಬಣ್ಣ ಸಿಕ್ಕಿತು. ಕಲೆಗಳ ಜಾಗವನ್ನು ಅಜ್ಜಿ ಮೆಹನಾಜ್ ಅವರ ಕೆನ್ನೆಯ ಮೇಲೇ ಬೆರಳಿಟ್ಟು ತೋರಿಸಿದರು. ಇಲ್ಲೊಂದು, ಮೂಗಿನ ಪಕ್ಕ ಅಂಟಿಕೊಂಡಂತೆ ಎರಡು, ಹಣೆಯ ಮೇಲೆ ಲೆಕ್ಕವಿಲ್ಲ. ಮೆಹನಾಜ್ ಬಿಡಿಸುತ್ತ ಹೋದರು, ಅಳಿಸಿದರು, ಮತ್ತೆ ಬಿಡಿಸಿದರು. ಮೂರನೆಯ ದಿನ ಅಜ್ಜಿ ಬಹಳ ಹೊತ್ತು ನೋಡಿದರು.

"ಹತ್ರಕ್ಕೆ ಬಂದವ್ಳೆ ಕಣವ್ವ. ಇನ್ನು ಬರಾಕಿಲ್ಲ. ಬುಡು."

ಅಷ್ಟು ಹೇಳಿ, ಆ ಪ್ರಿಂಟನ್ನೇ ಸೆರಗಿನಲ್ಲಿ ಮುಚ್ಚಿಕೊಂಡು ಬಸ್ಸಿಗೆ ಹೋದರು. ಹೋದ ವರ್ಷ ಅವರೂ ತೀರಿಕೊಂಡರು. ಸುದ್ದಿ ತಂದವರು ಲೋಕೇಶ್. ಮೊಬೈಲಿನಲ್ಲಿ ಅಜ್ಜಿಯ ಫೋಟೋ ತೋರಿಸಿ, "ಇದಕ್ಕೆ ಏನೂ ಮಾಡ್ಬೇಡಿ ಅಕ್ಕಾ, ಅಂಗೇ ಹಾಕ್ಕೊಡಿ" ಅಂದರಂತೆ.

ಈಗ ಮೆಹನಾಜ್ ಬಳಿ ಯಾರೇ ಫೋಟೋ ತಂದರೂ ಮೊದಲು ಕೂರಿಸಿ ಮಾತಾಡಿಸುತ್ತಾರೆ. ಮಚ್ಚೆ, ಗಾಯ, ಕಲೆ ಎಲ್ಲ ಕೇಳುತ್ತಾರೆ. ಮೂಲ ಪ್ರತಿಯನ್ನು ಮುಟ್ಟದೆ ಬೇರೆ ಇಡುತ್ತಾರೆ. ಬೆಳ್ಳಗೆ ಮಾಡಿ ಅಂದವರಿಗೆ ಆಗುವುದಿಲ್ಲ ಅನ್ನುತ್ತಾರೆ. ಕೆಲವರು ಎದ್ದು ಹೋಗುತ್ತಾರೆ.

ಹೊರಡುವಾಗ, ಲೇಖನದಲ್ಲಿ ಏನಾದರೂ ವಿಶೇಷವಾಗಿ ಬರೆಯಬೇಕೇ ಎಂದು ಕೇಳುತ್ತೇನೆ.

"ಇಪ್ಪತ್ತೆರಡು ವರ್ಷ ಸಾರ್, ಎಷ್ಟು ಸಾವ್ರ ಮುಖ ಒರೆಸಿದ್ದೀನೋ. ಬಸ್ ಹತ್ತಿ ಬಂದು ಕೇಳಿದ್ದು ಒಬ್ರೇ ಅಜ್ಜಿ. ಮಿಕ್ಕ ಮನೇಲೆಲ್ಲ ಯಾರ ಮುಖಕ್ಕೆ ಹೂ ಹಾಕ್ತಾವ್ರೋ ನಂಗೊತ್ತಿಲ್ಲ. ನನ್ ಅಂಗ್ಡಿ ಎಲ್ಲದೆ ಅಂತ ಸರ್ಯಾಗಿ ಬರೀರಿ. ಬೈಯೋಕಾದ್ರೂ ಬರ್ಲಿ."