ಊರಿಗೊಂದು ಹವಾ, ಮನೆಗೊಂದು ಹವಾ

ಬೆಳಗಾವಿಯ ಅಂಚಿನ ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಮೈಲಾರಲಿಂಗನಿಗೆ ಪಗಾರ ಕೊಡುವುದು ತಪ್ಪು ಹುಡುಕುವುದಕ್ಕೆ. ಲೇಥಿನಿಂದ ಇಳಿದ ಪಂಪಿನ ಬಿಡಿಭಾಗಗಳು ಅವನ ಮೇಜಿಗೆ ಬರುತ್ತವೆ. ಅವನು ಅಳೆಯುತ್ತಾನೆ. ಅಳತೆ ಕೂಡಿದರೆ ಹಸಿರು ಟ್ರೇ, ಕೂದಲೆಳೆಯಷ್ಟು ತಪ್ಪಿದರೂ ಕೆಂಪು ಟ್ರೇ. ಪಾಸ್ ಅಥವಾ ರಿಜೆಕ್ಟ್. ಮೀಸೆ ಕಪ್ಪಿದ್ದಾಗ ಹಿಡಿದ ಈ ಕೆಲಸ, ಮೀಸೆಗೆ ಬಣ್ಣ ಹಚ್ಚುವ ಕಾಲ ಬಂದರೂ ಅವನನ್ನು ಬಿಟ್ಟಿಲ್ಲ. ಇಷ್ಟು ವರ್ಷದಲ್ಲಿ ಅವನು ಗಳಿಸಿದ ಜ್ಞಾನ ಒಂದೇ: ಪಾಸ್ ಮಾಡಿದವನಿಗೆ ಇಂದಲ್ಲ ನಾಳೆ ಬೈಗಳು ಬಂದೇ ಬರುತ್ತವೆ, ರಿಜೆಕ್ಟ್ ಮಾಡಿದವನನ್ನು ಯಾರೂ ಬೈಯುವುದಿಲ್ಲ. ಸಂಸಾರಸ್ಥರಾದ ನಮ್ಮಂಥ ಗಂಡಸರಿಗೆ ಇದು ಗೊತ್ತಿಲ್ಲದ್ದೇನಲ್ಲ. ಅವನಿಗೆ ಅದಕ್ಕೆ ಪಗಾರ ಸಿಗುತ್ತದೆ, ನಮಗಿಲ್ಲ, ಅಷ್ಟೇ.

ಇಂಥವನು ಊರೊಳಗಿನ ತನ್ನ ಖಾಸಬಾಗಕ್ಕೆ ಸಮುದ್ರದ ಜೋಯಿಸನಾದ. ಬೆಳಗಾವಿಗೆ ಸಮುದ್ರವಿಲ್ಲ ನಿಜ. ಆದರೆ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ ಇಳಿದರೆ ಗೋವಾ. ರವಿವಾರ ಬಂತೆಂದರೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಆ ದಾರಿ ಹಿಡಿಯುವ ಗಾಡಿಗಳು ಸಾಕಷ್ಟು. ಕೆಲವು ವರ್ಷಗಳ ಹಿಂದೆ ಕಾರ್ಖಾನೆಯ ಮಂದಿ ಸಂಸಾರ ಸಮೇತ ಗೋವಾದ ಹರಮಲದ ಬೀಚಿಗೆ ಹೋಗಿದ್ದರು. ಅಂದು ಖಾನಾಪುರದ ಮೇಲೆ ಒಂದು ಚೂರು ಮೋಡವಿರಲಿಲ್ಲ. ಹಾಗಾಗಿ ಸಮುದ್ರವೂ ತೆಪ್ಪಗಿದ್ದೀತು ಎಂಬುದು ಎಲ್ಲರ ಲೆಕ್ಕ. ಖಾನಾಪುರದ ಕಡೆ ಮುಖ ಮಾಡಿಯೇ ಮಳೆಯ ಅಂದಾಜು ಕಟ್ಟುವ ಊರಿನವರು ಇನ್ನು ಹೇಗೆ ಲೆಕ್ಕ ಹಾಕಿಯಾರು? ಹೋಗಿ ನೋಡಿದರೆ ಮೇಲೆ ಫಳಫಳ ಬಿಸಿಲು, ದಂಡೆಯ ತುಂಬ ಕೆಂಪು ಬಾವುಟ. ಎಲ್ಲೋ ನಡುಗಡಲಿನಲ್ಲಿ ಎದ್ದ ಬಿರುಗಾಳಿ ಅಟ್ಟಿದ ತೆರೆಗಳು ಆಳೆತ್ತರ ಎದ್ದು ಬೀಳುತ್ತಿದ್ದವು. ನೀರಿಗೆ ಕಾಲು ತಾಗಿಸದೆ, ರೊಟ್ಟಿಯ ಜೊತೆ ಒಂದಿಷ್ಟು ಮರಳನ್ನೂ ತಿಂದು ಎಲ್ಲರೂ ವಾಪಸಾದರು.

ಮೈಲಾರಲಿಂಗನ ತಲೆಯಲ್ಲಿ ಹುಳ ಹೊಕ್ಕಿತು. ಅಳೆಯದೆ ಮಾಲು ಕಳಿಸುವುದೆಂದರೇನು? ಮೊಬೈಲಿನಲ್ಲಿ ಹುಡುಕಿದ. ತೆರೆಯ ಎತ್ತರ, ಒಂದು ತೆರೆಗೂ ಇನ್ನೊಂದಕ್ಕೂ ನಡುವಿನ ಅಂತರ, ಗಾಳಿಯ ದಿಕ್ಕು, ಭರತ, ಇಳಿತ, ಎಲ್ಲ ವಾರ ಮೊದಲೇ ಸಿಗುತ್ತಿತ್ತು. ಅವನ್ನು ಖಾಸಬಾಗದ ಕನ್ನಡಕ್ಕೆ ಇಳಿಸಿ ಪ್ರತಿ ಗುರುವಾರ ಸಂಜೆ ಸಮುದ್ರದ ಹವಾ ಎಂದು ಒಂದು ವಾಟ್ಸಾಪ್ ಗುಂಪಿಗೆ ಹಾಕತೊಡಗಿದ. "ರವಿವಾರ, ಹರಮಲ. ತೆರಿ ಟೊಂಕದಮಟ. ಮುಂಜಾನೆ ಗಾಳಿ ನಮ್ಮ ಕಡೆಯಿಂದ, ತೆರಿ ನೆಟ್ಟಗ ನಿಂದರತಾವ. ಹನ್ನೊಂದರ ಮ್ಯಾಲ ಗಾಳಿ ತಿರಗಿ ನೀರ ಕದಡತೈತಿ. ಪಾಸ್." ಓಣಿಯವರಿಗಾಗಿ ಸುರುವಾದದ್ದು ಪಕ್ಕದ ಶಹಾಪುರ, ವಡಗಾಂವಿಗೆ ಹಬ್ಬಿತು. ಮದುವೆಗೆ ಮುಹೂರ್ತ ಕೇಳಿದಂತೆ ಜನ ಅವನ ಹತ್ತಿರ ಸಮುದ್ರಕ್ಕೆ ಮುಹೂರ್ತ ಕೇಳತೊಡಗಿದರು.

ಒಂದೇ ಒಂದು ತಕರಾರು ಬಂತು. ತಂದವನು ಪಕ್ಕದ ಮನೆಯ ಯಲ್ಲೇಶ. ಅವನದೊಂದು ಬಾಡಿಗೆ ಗಾಡಿ ಇತ್ತು.

"ಅಣ್ಣಾರ, ಮಣಕಾಲಮಟ ತೆರಿ ಅಂತ ಬರದಿದ್ರಿ. ನಮ್ಮ ಮನ್ಯಾಕಿ ಪೂರ್ಣಿಮಾಗ ತೊಡಿ ದಾಟಿ ಬಂತ್ರಿ. ಯಾರ ಮಣಕಾಲ ಅದು?"

"ನಂದು. ಮತ್ತ್ಯಾರದು?"

"ನಿಮ್ಮ ಮಣಕಾಲ ಈ ಓಣ್ಯಾಗ ಯಾರಿಗೈತ್ರಿ? ನೀವು ಲೈಟಿನ ಕಂಬ ಇದ್ದಂಗ ಇದ್ದೀರಿ!"

ಕಾರ್ಖಾನೆಯಲ್ಲಿ ಕೂದಲೆಳೆಗೆ ತಕರಾರು ತೆಗೆಯುವ ಮನುಷ್ಯ ಇದನ್ನು ನಕ್ಕು ಹಾರಿಸಿಬಿಟ್ಟ. ತನ್ನ ಅಳತೆಗೋಲನ್ನು ತಾನೇ ಅಳೆಯುವ ಅಭ್ಯಾಸ ಯಾರಿಗಿರುತ್ತದೆ ಹೇಳಿ.

ಮೈಲಾರಲಿಂಗನ ಹೆಂಡತಿ ಪ್ರಮಿಳಾ ಪಾರಿಶ್ವಾಡದ ಮಗಳು. ಎಮ್ಮೆಯ ಬಾಲ ಹಿಡಿದು ಮಲಪ್ರಭೆಯನ್ನು ಆಚೆ ದಡಕ್ಕೆ ದಾಟಿ, ಬಾಲ ಬಿಟ್ಟು ಈಸುತ್ತ ಈಚೆ ಬರುತ್ತಿದ್ದ ಹುಡುಗಿ. ಖಾಸಬಾಗಕ್ಕೆ ಸೊಸೆಯಾಗಿ ಬಂದ ಮೇಲೆ ಅವಳ ಪಾಲಿಗೆ ನೀರೆಂದರೆ ನಲ್ಲಿಗೆ ಬರುವುದು, ಬಂದಾಗ ತುಂಬಿಡುವುದು, ಬಾರದಾಗ ಕಾಯುವುದು. ಕೆಂಪು ಬಾವುಟದ ಆ ದಿನ ಉಳಿದವರೆಲ್ಲ ಸಮುದ್ರವನ್ನು ಬೈಯುತ್ತಿದ್ದಾಗ ಅವಳೊಬ್ಬಳು ಬಾಯಿ ಮುಚ್ಚಿ ನೋಡುತ್ತಿದ್ದಳು. ಅವಳದೇ ವಯಸ್ಸಿನ, ನಲವತ್ತು ದಾಟಿದ ಒಬ್ಬ ಹೆಂಗಸು ಉದ್ದನೆಯ ಹಲಗೆಯ ಮೇಲೆ ನಿಂತು ತೆರೆಯ ಬೆನ್ನೇರಿ ಜಾರಿಕೊಂಡು ಬರುತ್ತಿದ್ದಳು. ವಾಪಸು ಬರುವಾಗ ಕಣಕುಂಬಿಯ ಹತ್ತಿರ ಪ್ರಮಿಳಾ ಮೆಲ್ಲಗೆ ಹೇಳಿದಳು: "ರೀ, ನಾನೂ ಒಮ್ಮಿ ಆ ಹಲಗಿ ಮ್ಯಾಲ ನಿಂದರಬೇಕ್ರಿ."

ನಿದ್ದೆಗಣ್ಣಿನ ಮಾತು ಎಂದುಕೊಂಡ ಮೈಲಾರಲಿಂಗ. ಆದರೆ ಮರುವಾರ ಅವಳು ಎಚ್ಚರದಲ್ಲೇ ಕೇಳಿದಳು. ಅದರ ಮುಂದಿನ ವಾರವೂ ಕೇಳಿದಳು.

"ಈ ರವಿವಾರ ಹೆಂಗೈತ್ರಿ ಸಮುದ್ರ?"

"ರಿಜೆಕ್ಟ್. ಗಾಳಿ ಸರಿ ಇಲ್ಲ."

ಗಾಳಿ ಸರಿಯಾದ ವಾರ ತೆರೆಗಳ ನಡುವಿನ ಅಂತರ ಸರಿಯಿರಲಿಲ್ಲ. ಅಂತರ ಕೂಡಿದ ವಾರ ಇಳಿತದ ಹೊತ್ತು ಕೂಡಲಿಲ್ಲ. ಮೂರೂ ಕೂಡಿದ ವಾರ ನೀರಿನಲ್ಲಿ ಲೋಳೆಮೀನು ಬಂದಿದ್ದವು, ಅಥವಾ ಬರುವ ಸಂಭವವಿತ್ತು. ಮಳೆಗಾಲದಲ್ಲಿ ಸಮುದ್ರ ತಾನಾಗಿಯೇ ರಿಜೆಕ್ಟ್ ಆಗುತ್ತಿದ್ದುದರಿಂದ ಆ ನಾಲ್ಕು ತಿಂಗಳು ಮೈಲಾರಲಿಂಗ ನೆಮ್ಮದಿಯಿಂದ ಉಸಿರಾಡುತ್ತಿದ್ದ. ಅವನ ತಾಯಿ ಕಾಶವ್ವ ಒಂದು ದಿನ ಅಡಕೆ ಕತ್ತರಿಸುತ್ತ ಅಂದಳು: "ಏನೋ ಯಪ್ಪಾ, ನಿನ್ನ ಲಗ್ನಕ್ಕ ಸೈತ ನಾವು ಇಷ್ಟ ಮುಹೂರ್ತ ನೋಡಿದ್ದಿಲ್ಲ."

ಹೀಗೆ ವರ್ಷಗಳು ಹೋದವು. ದೀಪಾವಳಿ ಮುಗಿದ ಒಂದು ಸೋಮವಾರ ಯಲ್ಲೇಶನ ಹೆಂಡತಿ ಪೂರ್ಣಿಮಾ ಎರವಲು ಒಯ್ದ ಬುತ್ತಿ ಡಬ್ಬಿ ಕೊಡಲು ಬಂದಳು. ಮೂಗು ಬಿಸಿಲಿಗೆ ಕೆಂಪಾಗಿತ್ತು, ಮುಖ ಅರಳಿತ್ತು.

"ವೈನಿ, ನಿನ್ನಿ ನೀವ್ಯಾಕ ಬರಲಿಲ್ರಿ? ಸಮುದ್ರ ಅಂದ್ರ ತೊಟ್ಟಿಲಾ ತೂಗಿದಂಗ ಇತ್ತ್ರಿ! ಅಣ್ಣಾರ ಬರದಿದ್ರಲ್ಲ, ಪಾಸ್, ಸಣ್ಣ ಹುಡುಗರನ್ನೂ ಕರಕೊಂಡ ಹೋಗ್ರಿ ಅಂತ."

ಪ್ರಮಿಳಾ ಡಬ್ಬಿ ಇಸಿದುಕೊಂಡಳು. ಗುರುವಾರ ಅದೇ ರವಿವಾರದ ಬಗ್ಗೆ ಅವಳಿಗೆ ಸಿಕ್ಕ ಉತ್ತರ ರಿಜೆಕ್ಟ್ ಎಂದಿತ್ತು. ಗುಂಪು ಬರೇ ಹೋಗುವವರಿಗೆ ಎಂದು ಹೇಳಿ ಗಂಡ ಅವಳನ್ನು ಅದರಲ್ಲಿ ಸೇರಿಸಿರಲಿಲ್ಲ. "ಹೌದೇನ? ಭಾಳ ಛಲೋ ಆತ ಬಿಡವಾ," ಎಂದು ಚಹಾ ಕೊಟ್ಟು ಕಳಿಸಿದಳು.

ಸಂಜೆ ಊಟಕ್ಕೆ ಕೂತಾಗ ತಾಟಿನ ಮುಂದೆ ಎರಡು ಬಟ್ಟಲು ಸಾರು ಬಂದವು. ಒಂದು ಕೆಂಪಗೆ ಕುದಿಯುತ್ತಿತ್ತು. ಇನ್ನೊಂದು ಬಿಸಿನೀರಿನ ಬಣ್ಣದ್ದು.

"ಇದೇನ ಎರಡೆರಡು?"

"ಕೆಂಪಂದು ಊರ ಮಂದಿಗಿ. ಖಾರ, ಉಪ್ಪು, ಹುಳಿ ಎಲ್ಲಾ ಹಾಕೀನಿ. ಈ ಸಪ್ಪಂದು ಮನಿ ಮಂದಿಗಿ. ನೀವು ಊರಿಗೊಂದು ಹವಾ, ಮನಿಗೊಂದು ಹವಾ ಹೇಳ್ತೀರಲ್ಲ, ನಾನೂ ಕಲತೆ."

ಕಾಶವ್ವ ಕೆಂಪು ಬಟ್ಟಲನ್ನು ತನ್ನ ಕಡೆ ಎಳೆದುಕೊಂಡಳು.

ಮೈಲಾರಲಿಂಗ ಸಪ್ಪೆ ಸಾರಿನಲ್ಲಿ ರೊಟ್ಟಿ ಮುರಿದು ಹಾಕಿದ. "ನಿನಗೇನರೆ ಆದ್ರ..." ಎಂದು ಸುರು ಮಾಡಿದ.

"ಪೂರ್ಣಿಮಾಗ ಏನೂ ಆಗಂಗಿಲ್ಲೇನು? ಆಕಿ ಹುಡುಗರಿಗೆ?"

ಎಷ್ಟು ವಾರ ಎಷ್ಟು ಮನೆಯ ಹೆಣ್ಣುಮಕ್ಕಳನ್ನು, ಹುಡುಗರನ್ನು ಅವನು ಕೈ ನಡುಗದೆ ನೀರಿಗಿಳಿಸಿದ್ದ! ಅಳತೆಯ ಮೇಲೆ ಅವನಿಗೆ ಅಷ್ಟು ಭರವಸೆಯಿತ್ತು. ಹಾಗಾದರೆ ಅದೇ ದಿನದ ಅದೇ ನೀರು ತನ್ನ ಮನೆಯ ಹೊಸ್ತಿಲಿಗೆ ಬಂದಾಗ ಹೇಗೆ ಕೆಂಪು ಟ್ರೇಗೆ ಬಿತ್ತು? ಕಾರ್ಖಾನೆಯಲ್ಲಿ ಒಂದೇ ಮಾಲಿಗೆ ಎರಡು ಅಳತೆ ಬರೆದವನನ್ನು ಅವನೇ ಗೇಟಿನಾಚೆ ಹಾಕಿಸಿದ್ದ.

"ಒಂದು ಕೇಳ್ತೀನಿ, ಖರೇ ಹೇಳ್ರಿ," ಎಂದಳು ಪ್ರಮಿಳಾ. ದನಿಯಲ್ಲಿ ಈಗ ಚುಚ್ಚು ಇರಲಿಲ್ಲ. "ನಾ ಮುಳಗತೀನಿ ಅಂತ ಅಂಜಿಕೀನೋ, ಎದ್ದ ನಿಂದರತೀನಿ ಅಂತ ಅಂಜಿಕೀನೋ?"

ಅವನಿಗೆ ಈಸು ಬರುತ್ತಿರಲಿಲ್ಲ. ಲೋಕಕ್ಕೆಲ್ಲ ಸಮುದ್ರದ ಹವಾ ಹೇಳುವವನು ಪಾದ ಮುಳುಗುವುದಕ್ಕಿಂತ ಆಚೆ ಎಂದೂ ಹೋದವನಲ್ಲ. ಅವಳು ಹಲಗೆ ಹಿಡಿದು ಒಳಗೆ ಹೋದರೆ ತಾನು ದಂಡೆಯ ಮೇಲೆ ಉಳಿಯುತ್ತೇನೆ ಎಂಬುದನ್ನು ಅವನು ಬಹುಶಃ ಕಣಕುಂಬಿಯ ಆ ದಿನವೇ ಕಂಡಿದ್ದ.

"ಈ ರವಿವಾರ ಹೋಗೂದು," ಎಂದಳು. "ಹವಾ ನೀವ ಬರೀರಿ. ಇದ್ದದ್ದ ಇದ್ದಂಗ ಬರೀರಿ. ಕೆಟ್ಟ ಐತಿ ಅಂತ ಖರೇನ ಇದ್ರ ನಾನೂ ಒಲ್ಲೆ ಅಂತೀನಿ."

ಗುರುವಾರ ಅವನು ಇದ್ದದ್ದನ್ನು ಇದ್ದ ಹಾಗೆ ಬರೆದ. ತೆರಿ ಟೊಂಕದಮಟ, ಮುಂಜಾನೆ ಗಾಳಿ ನಮ್ಮ ಕಡೆಯಿಂದ, ಬಿಸಿಲು, ಪಾಸ್. ಬರೆದ ಮೇಲೆ ಬಹಳ ಹೊತ್ತು ಬೆರಳು ಕಳಿಸುವ ಗುಂಡಿಯ ಮೇಲೇ ಇತ್ತು, ಕಡೆಗೆ ಒತ್ತಿದ.

ರವಿವಾರ ನಸುಕಿನಲ್ಲಿ ಯಲ್ಲೇಶನ ಗಾಡಿ ಹೊರಟಿತು. ಕಾಶವ್ವ "ನನಗ ಸಮುದ್ರ ಬ್ಯಾಡ, ಬರೂ ಮುಂದ ಗೋಡಂಬಿ ತರ್ರಿ" ಎಂದು ಮನೆಯಲ್ಲೇ ಉಳಿದಳು. ಕಣಕುಂಬಿಯಲ್ಲಿ ಮಂಜು ಇನ್ನೂ ಎದ್ದಿರಲಿಲ್ಲ. ಮಲಪ್ರಭೆ ಹುಟ್ಟುವುದು ಅಲ್ಲಿಯೇ. ಪ್ರಮಿಳಾ ಕಿಟಕಿಯ ಗಾಜು ಒರೆಸಿ ನೋಡಿದಳು.

"ನಮ್ಮ ಹೊಳಿ ನೋಡ್ರಿ. ಸಮುದ್ರ ಇಲ್ಲೇ ಘಾಟದ ಬುಡಕ್ಕ ಐತಿ. ಅದಕ್ಕ ಬೆನ್ನ ಮಾಡಿ ಖಾನಾಪುರ, ಪಾರಿಶ್ವಾಡ ಅಂತ ಎಷ್ಟ ಊರ ತಿರಗತೈತಿ."

"ಇಳಿಜಾರ ಆ ಕಡೆ ಐತಲ್ಲ," ಎಂದ ಮೈಲಾರಲಿಂಗ.

"ಹೌದ್ರಿ. ಲಗ್ನ ಮಾಡಿ ಕಳಸೂ ಮುಂದ ನನಗೂ ಹಂಗ ಹೇಳಿದ್ರು," ಎಂದು ಅವಳು ಮತ್ತೆ ಗಾಜು ಒರೆಸಿದಳು.

ಹರಮಲದಲ್ಲಿ ಹಲಗೆ ಕಲಿಸುವ ಹುಡುಗ ತುಷಾರ. ಖಾನಾಪುರದವನೇ, ಮನೆಮಾತು ಮರಾಠಿ. ಮೈಲಾರಲಿಂಗನ ಹೆಸರು ಕೇಳಿದ್ದೇ ತಡ ಎರಡೂ ಕೈ ಹಿಡಿದುಕೊಂಡ. "ಕಾಕಾ, ಹವಾ ಬರಿಯೋರು ನೀವೇನ್ರಿ? ಬೆಳಗಾವಿ ಮಂದಿ ಎಲ್ಲಾ ನಿಮ್ಮ ಮೆಸೇಜ್ ತೋರಿಸೇ ನೀರಿಗಿ ಇಳೀತಾರ!" ಮೈಲಾರಲಿಂಗ ಸಂಕೋಚದಿಂದ ಪ್ಯಾಂಟಿನ ಕಾಲು ಮಡಚಿಕೊಂಡ, ಕಣಕಾಲಿನವರೆಗೆ ಮಾತ್ರ.

ಪ್ರಮಿಳಾ ಚೂಡಿದಾರದ ಮೇಲೆ ತೇಲುವ ಜಾಕೀಟು ತೊಟ್ಟು ಬಂದಳು. ತುಷಾರ ಮರಳ ಮೇಲೆ ಹಲಗೆಯಿಟ್ಟು ಮಲಗುವುದು, ಏಳುವುದು, ಕಾಲು ಹಾಕುವುದು ತೋರಿಸಿದ. ಅವಳು ಹಿಟ್ಟು ನಾದುವಷ್ಟು ಶ್ರದ್ಧೆಯಿಂದ ಮಾಡಿದಳು. ಅಷ್ಟರಲ್ಲಿ ಉಳಿದವುಗಳಿಗಿಂತ ದೊಡ್ಡ ತೆರೆಗಳ ಗುಂಪೊಂದು ಒಂದರ ಹಿಂದೊಂದು ಎದ್ದು ಬಂತು. ತುಷಾರ ಅವನ್ನು ನೋಡಿದ, ಪ್ರಮಿಳಾಳ ಎತ್ತರವನ್ನು ನೋಡಿದ, ತಲೆ ಕೆರೆದುಕೊಂಡ.

"ಕಾಕೂಗ ಥೋಡೆ ಜಾಸ್ತಿ ಆಗ್ತೈತಿ. ಆಗಂಗಿಲ್ಲ ಅಂತಲ್ಲ, ನಾ ಬಾಜೂಕ ಇರ್ತೀನಿ, ದಂಡಿ ಬಿಟ್ಟ ದೂರ ಒಯ್ಯಂಗಿಲ್ಲ. ಕಾಕಾ, ನೀವ ಹೇಳ್ರಿ. ಇಳಸೂಣೋ, ಬ್ಯಾಡೋ?"

ಯಲ್ಲೇಶ, ಪೂರ್ಣಿಮಾ, ಅವರ ಹುಡುಗರು, ಎಲ್ಲರೂ ಮೈಲಾರಲಿಂಗನ ಕಡೆ ತಿರುಗಿದರು. ಒಂದು ಮಾತು ಸಾಕಿತ್ತು. ಕಲಿಸುವವನೇ ಅನುಮಾನಪಟ್ಟಿದ್ದಾನೆ, ರಿಜೆಕ್ಟ್ ಎಂದರೆ ಯಾರೂ ಬೈಯುವಂತಿಲ್ಲ. ಇಷ್ಟು ವರ್ಷ ಹುಡುಕಿ ಹುಡುಕಿ ತಂದ ನೆಪಗಳೆಲ್ಲ ಸುಳ್ಳಾಗಿದ್ದವು. ಈಗ ಖರೇ ನೆಪವೇ ಕಾಲ ಬುಡಕ್ಕೆ ಬಂದು ಬಿದ್ದಿತ್ತು.

ಅವನು ಹೆಂಡತಿಯನ್ನು ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ. ಸೆರಗಿಲ್ಲದಿದ್ದರೂ ಸೆರಗು ಸಿಕ್ಕಿಸಿಕೊಂಡವಳ ಹಾಗೆ ನಡದ ಮೇಲೆ ಕೈಯಿಟ್ಟು, ಕಣ್ಣು ಕಿರಿದು ಮಾಡಿ, ಹೊಳೆಯಲ್ಲಿ ದಾಟುವ ಜಾಗ ಹುಡುಕುವವಳಂತೆ ನೀರು ನೋಡುತ್ತಿದ್ದಳು. ಈ ಪ್ರಮಿಳಾಳನ್ನು ಅವನು ಮದುವೆಯಾದಂದಿನಿಂದ ಕಂಡಿರಲಿಲ್ಲ. ಪಾರಿಶ್ವಾಡದವರು ಕಂಡಿದ್ದರು, ಎಮ್ಮೆಗಳು ಕಂಡಿದ್ದವು.

ಅವನು ಅವಳಿಗೆ ಮಾತ್ರ ಹೇಳುವ ಹಾಗೆ ಹೇಳಿದ: "ನಾ ಬರದಿದ್ದು ನನ್ನ ಟೊಂಕದಮಟ. ನಿನಗ ಎದಿಮಟ ಬರ್ತೈತಿ. ನಾಕೈದು ದೊಡ್ಡು ಬರ್ತಾವ, ಆಮ್ಯಾಲ ಸ್ವಲ್ಪ ಹೊತ್ತು ಸಮಾಧಾನ ಇರ್ತೈತಿ. ಗಾಳಿ ನಮ್ಮ ಘಾಟದ ಕಡೆಯಿಂದ ಐತಿ, ಹನ್ನೊಂದರ ತನಕ ಹಿಂಗ ಇರ್ತೈತಿ."

"ಅಣ್ಣಾರ, ಅದೆಲ್ಲಾ ಇರಲಿ," ಎಂದ ಯಲ್ಲೇಶ. "ಪಾಸೋ, ರಿಜೆಕ್ಟೋ?"

"ಅದನ್ನ ಆಕಿ ನೋಡ್ಕೋತಾಳ."

ಪ್ರಮಿಳಾ ಒಮ್ಮೆ ತಿರುಗಿ ಗಂಡನ ಮುಖ ನೋಡಿದಳು. ಚಪ್ಪಲಿ ಕಳಚಿ ಅವನ ಕೈಗೆ ಕೊಟ್ಟಳು. ದೊಡ್ಡ ತೆರೆಗಳು ಮುಗಿಯುವವರೆಗೆ ಕಾದು ನೀರಿಗಿಳಿದಳು.

ಮೊದಲ ಸಲ ಹಲಗೆ ಒಂದು ಕಡೆ, ಅವಳೊಂದು ಕಡೆ. ಎರಡನೆಯ ಸಲ ಹೊಟ್ಟೆಯ ಮೇಲೆ ಮಲಗಿಯೇ ದಂಡೆ ಮುಟ್ಟಿ, ಉಪ್ಪುನೀರು ಉಗುಳಿ, "ಥೂ, ಏನ ಉಪ್ಪೈತಿ!" ಎಂದು ಬೈದು ಮತ್ತೆ ಹೋದಳು. ಆಮೇಲೆ ಮಂಡಿಯೂರಿ ಬಂದಳು. ಪ್ರತಿ ಸಲ ಬಿದ್ದಾಗಲೂ ಅವಳ ತಲೆ ನೀರಿನಿಂದ ಮೇಲೆ ಬರುವವರೆಗೆ ಮೈಲಾರಲಿಂಗ ಒಂದು ಹೆಜ್ಜೆ ಮುಂದಿಡುತ್ತಿದ್ದ, ಬಂದ ಮೇಲೆ ಹಿಂದಿಡಲು ಮರೆಯುತ್ತಿದ್ದ. ಹೀಗೆ ಮಡಚಿದ ಪ್ಯಾಂಟು ತೊಯ್ದು, ಮೊಣಕಾಲು ಮುಳುಗಿ, ಚಪ್ಪಲಿಗಳನ್ನು ತಲೆಯ ಮೇಲೆ ಎತ್ತಿ ಹಿಡಿದುಕೊಂಡು ಅವನು ಎಲ್ಲಿಗೆ ಬಂದು ನಿಂತಿದ್ದನೆಂದರೆ, ತೆರೆಯೊಂದು ಸರಿಯಾಗಿ ಅವನ ಟೊಂಕಕ್ಕೆ ಬಡಿಯಿತು.

"ಅಣ್ಣಾರ, ಅಳತಿ ಬರೋಬ್ಬರಿ ಐತ್ರಿ!" ಎಂದು ದಂಡೆಯಿಂದ ಯಲ್ಲೇಶ ಕೂಗಿದ.

ಅದರ ಹಿಂದಿನ ತೆರೆ ಇನ್ನಷ್ಟು ಎದ್ದು ಮುಖಕ್ಕೆ ಅಪ್ಪಳಿಸಿತು. ಅದೇ ಗಳಿಗೆಯಲ್ಲಿ ಪಕ್ಕದಲ್ಲೇ ಏನೋ ಸರ್ರನೆ ಹಾದುಹೋಯಿತು, ದಂಡೆಯ ಮೇಲೆ ಹುಡುಗರೆಲ್ಲ ಹೋ ಎಂದರು. ಅವನು ಕಣ್ಣುಜ್ಜಿ ನೋಡುವಷ್ಟರಲ್ಲಿ ಪ್ರಮಿಳಾ ಮೊಣಕಾಲು ನೀರಿನಲ್ಲಿ ಹಲಗೆ ಹಿಡಿದು ನಿಂತಿದ್ದಳು. ಕೂದಲು ಮುಖಕ್ಕೆ ಅಂಟಿತ್ತು.

"ನಿಂತಿದ್ನಿ! ನೋಡಿದ್ರಿಲ್ಲೋ?"

ನೋಡಿದೆ ಎನ್ನುವುದು ಬಲು ಸುಲಭವಿತ್ತು. ನಮ್ಮಂಥವರಾಗಿದ್ದರೆ ಅಂದುಬಿಡುತ್ತಿದ್ದೆವು.

"ಇಲ್ಲ," ಎಂದ ಮೈಲಾರಲಿಂಗ. "ಕಣ್ಣಾಗ ನೀರ ಹೊಕ್ಕಿತ್ತು."

ಪ್ರಮಿಳಾ ಅವನನ್ನು, ಅವನು ನಿಂತ ಜಾಗವನ್ನು, ಅವನ ಟೊಂಕದವರೆಗಿನ ನೀರನ್ನು ನೋಡಿದಳು.

"ಹಂಗಾರ ಅಲ್ಲೇ ನಿಂದರ್ರಿ," ಎಂದಳು. "ಇನ್ನೊಮ್ಮಿ ಬರ್ತೀನಿ."

ಹಲಗೆಯ ಮೂತಿ ತಿರುಗಿಸಿ ಅವಳು ಮತ್ತೆ ಒಳಗೆ ಹೊರಟಳು. ಘಾಟದ ಕಡೆಯ ಗಾಳಿ ಅವನ ಬೆನ್ನಿಗೆ ತಣ್ಣಗೆ ಬೀಸುತ್ತಿತ್ತು. ಅವನು ಚಪ್ಪಲಿಗಳನ್ನು ಇನ್ನಷ್ಟು ಮೇಲೆತ್ತಿ, ಕಣ್ಣು ಅಗಲಿಸಿ, ಹುಗಿದ ಕಂಬದಂತೆ ನಿಂತ.