ಅಣ್ಣ ತಿರುಗದ ಪಟ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯವರೆಲ್ಲ ಒಂದೇ ಒಂದು ಸಲ ಪಟ ತೆಗೆಸಿಕೊಳ್ಳಲು ನಿಂತಿದ್ದೆವು. ಆಗ ನಾವು ಬ್ಯಾಕೋಡಿನ ಹತ್ತಿರ ಇದ್ದೆವು. ಪಾಕಿಸ್ತಾನದ ಜೊತೆ ಯುದ್ಧವಾಗುತ್ತದೆಂದು ಎಲ್ಲರ ಬಾಯಲ್ಲೂ ಅದೇ ಮಾತು. ಸೈನ್ಯದಲ್ಲಿದ್ದ ಅಣ್ಣ ರಜೆಗೆ ಬಂದಿದ್ದ. ಕೂಡಲೇ ಹೊರಟು ಬರಬೇಕೆಂದು ತಂತಿ ಬಂತು. ಅಣ್ಣನದೊಂದು ಪಟ ಮನೆಯಲ್ಲಿರಲಿ ಎಂದು ಅಪ್ಪ ಸಾಗರದಿಂದ ಫೋಟೋದವರನ್ನು ಹೊಳೆ ದಾಟಿಸುವ ಲಾಂಚ್ ನಿಲ್ಲುವ ದಡಕ್ಕೆ ಕರೆಸಿದರು. ಅದುವರೆಗೆ ನಮ್ಮಲ್ಲಿ ಅವನ ಪಟ ಒಂದೂ ಇರಲಿಲ್ಲ.

ಆ ಬೆಳಿಗ್ಗೆ ಅಣೆಕಟ್ಟಿನ ಹಿನ್ನೀರಿನ ಮೇಲೆ ಮಂಜು ಕೂತಿತ್ತು. ಮುಳುಗಿ ಸತ್ತ ಮರಗಳು ನೀರಿನಿಂದ ಬೋಳು ಕೊಂಬೆ ಎತ್ತಿ ನಿಂತಿದ್ದವು. ಆಚೆ ದಡದ ಹೊಳೆಬಾಗಿಲು ಎಂಬ ಊರು ಕಾಣುತ್ತಿರಲಿಲ್ಲ. ಕ್ಯಾಮೆರಾದ ಮೂರು ಕಾಲು ಕೆಸರಿನಲ್ಲಿ ಹೂತುಹೋಗುತ್ತಿದ್ದವು, ಫೋಟೋದವರು ಕಿತ್ತು ಕಿತ್ತು ಇಡುತ್ತಿದ್ದರು. ಅಪ್ಪ, ಅಮ್ಮ, ಅಕ್ಕ, ನಾನು ಸಾಲಾಗಿ ನಿಂತೆವು. ಅಪ್ಪನ ಪಕ್ಕದಲ್ಲಿ ಅಣ್ಣನಿಗೆ ಜಾಗ ಬಿಟ್ಟಿದ್ದೆವು.

ಅಷ್ಟರಲ್ಲಿ ಲಾಂಚಿನ ಸೀಟಿ ಕೇಳಿಸಿತು. ಅಣ್ಣ ಟ್ರಂಕು ಹೆಗಲಿಗೇರಿಸಿದ.

“ನೋಡ್ರೋ, ಮಿಲ್ಟ್ರಿಯವ್ನಿಗೆ ಪಟ ಅಂದ್ರೆ ಹೆದ್ರಿಕೆ!” ಎಂದಳು ಅಕ್ಕ.

“ಮುಂದಿನ ರಜೆಗೆ ಬಂದೂಕು ಹಿಡ್ಕಂಡೇ ತೆಗೆಸ್ತೀನಿ, ಸುಮ್ನಿರೇ,” ಎಂದು ನಕ್ಕು ಅವನು ಲಾಂಚಿನ ಹಲಗೆಯತ್ತ ಓಡಿದ.

ಫೋಟೋದವರು ಕ್ಯಾಮೆರಾವನ್ನು ಅವನತ್ತ ತಿರುಗಿಸಿ ನನಗೆ ಹೇಳಿದರು: “ಮರಿ, ಒಂದ್ಸಲ ಅಣ್ಣನ್ನ ಕೂಗು. ಈ ಕಡೆ ತಿರುಗಿದ್ರೆ ಸಾಕು.”

ನಾನು ಬಾಯಿ ತೆರೆದೆ. ಅಮ್ಮನ ಅಂಗೈ ನನ್ನ ಬಾಯಿಯನ್ನು ಮುಚ್ಚಿತು. ಬುತ್ತಿ ಕಟ್ಟಿದ ಆ ಕೈಯಲ್ಲಿ ಮಾವಿನ ಮಿಡಿ ಉಪ್ಪಿನಕಾಯಿಯ ವಾಸನೆ ಇತ್ತು.

“ಕರೀಬ್ಯಾಡ ಕಣೋ! ಹೊರಟವ್ರನ್ನ ಹಿಂದಿಂದ ಕರೀಬಾರ್ದು.”

ಹಾಗೆ ಕರೆದರೆ ಹೋದ ಕೆಲಸ ಕೆಡುತ್ತದೆ, ಹೋದವರಿಗೆ ಕೇಡಾಗುತ್ತದೆ ಎಂದು ನಮ್ಮಲ್ಲಿ ನಂಬಿಕೆ. ಹೊರಟವರೂ ತಿರುಗಿ ನೋಡುತ್ತಿರಲಿಲ್ಲ. ಅಪ್ಪನೂ ಕರೆಯಲಿಲ್ಲ. ಅಣ್ಣ ತಿರುಗಲಿಲ್ಲ. ಪಟದಲ್ಲಿ ಬಂದದ್ದು ಅವನ ಬೆನ್ನು, ಟ್ರಂಕು, ಮಂಜು.

ಯುದ್ಧ ಮುಗಿಯಿತು. ನಾವು ಕರೆದಿರಲಿಲ್ಲ, ಆದರೂ ಅವನು ಬರಲಿಲ್ಲ.

ವಯಸ್ಸಾದ ಮೇಲೆ ಅಮ್ಮ ಆ ಪಟವನ್ನು ಬೆಳಕಿಗೆ ಹಿಡಿದು, ಮಗುಚಿ ಹಿಂಬದಿಯನ್ನೂ ನೋಡುತ್ತಿದ್ದರು. “ಅವನ ಮೂಗು ಹೆಂಗಿತ್ತೋ? ನಂಗೆ ಮರೆತೇ ಹೋತಲ್ಲ,” ಎಂದು ಕೇಳುತ್ತಿದ್ದರು. ನಾನು ಏನೋ ಒಂದು ಹೇಳುತ್ತಿದ್ದೆ. ನನಗೂ ನೆನಪಿರಲಿಲ್ಲ. ಅಪ್ಪ, ಅಮ್ಮ, ಕೊನೆಗೆ ಅಕ್ಕನೂ ಹೋದರು. ಅವನ ಮುಖ ನೆನಪಿದ್ದವರು ಯಾರೂ ಉಳಿಯಲಿಲ್ಲ.

ಮೊನ್ನೆ ಮೊಮ್ಮಗಳು ನನ್ನನ್ನು ನಾವೀಗ ಇರುವ ತೀರ್ಥಹಳ್ಳಿಯಿಂದ ಅದೇ ದಡಕ್ಕೆ ಕರೆದೊಯ್ದಳು. ಹಳೆಯ ಪಟ, ಅದೇ ಜಾಗದ ಹೊಸ ಪಟ, ಎರಡನ್ನೂ ಪಕ್ಕಪಕ್ಕ ಇಡುವುದು ಅವಳ ಆಸೆ. ಈಗ ಅಲ್ಲಿ ನೀರಿನ ಮೇಲೆ ಉದ್ದದ ಸೇತುವೆ. ಕಾರುಗಳು ನಿಲ್ಲದೆ ದಾಟುತ್ತವೆ. ಸತ್ತ ಮರಗಳು ಉದುರಿಹೋಗಿವೆ. ಆಚೆಯ ಗುಡ್ಡದ ಗೆರೆಯೊಂದು ಮಾತ್ರ ಎರಡೂ ಪಟಗಳಲ್ಲಿ ಸರಿಯಾಗಿ ಕೂಡಿತು.

“ಅಜ್ಜ, ನೀನು ದೊಡ್ಡಜ್ಜನ ಜಾಗದಲ್ಲಿ ನಿಲ್ಲು. ಹಂಗೇ ನೀರಿನ ಕಡೆ ನಡಿ,” ಎಂದಳು. ನಡೆದೆ. ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಹಿಂದಿನಿಂದ ಜೋರಾಗಿ ಕೂಗಿದಳು: “ಅಜ್ಜಾ!”

ನಾನು ತಿರುಗಿದೆ.

ಈಗಿನ ಮಕ್ಕಳೇ, ನೀವು ಕರೆಯಲು ಹೆದರುವುದಿಲ್ಲ. ನಿಮ್ಮ ಮೊಬೈಲಿನಲ್ಲಿ ಮನೆಯವರೆಲ್ಲರ ಮುಖ, ನಗು, ಆಕಳಿಕೆ ಕೂಡ ಇದೆ. ನಮ್ಮ ಇಡೀ ಮನೆಗೆ ಸಿಕ್ಕಿದ್ದು ಒಂದು ಬೆನ್ನು.

ಮೊಮ್ಮಗಳು ಎರಡು ಪಟಗಳನ್ನೂ ನನ್ನ ಮುಂದೆ ಹಿಡಿದಳು. ಒಂದರಲ್ಲಿ ಅವನ ಬೆನ್ನು, ಇನ್ನೊಂದರಲ್ಲಿ ನನ್ನ ಮುದಿ ಮುಖ.

“ಅಜ್ಜ, ದೊಡ್ಡಜ್ಜ ನಿನ್ ಥರಾನೇ ಇದ್ರಾ?”

“ಗೊತ್ತಿಲ್ಲ ಪುಟ್ಟಿ,” ಎಂದೆ.

ಇನ್ನು ಯಾರನ್ನೂ ಕೇಳುವಂತಿಲ್ಲ.